ಎರಡನೆಯ ಸಲದ ಅಳು

ಶಿರಹಟ್ಟಿ ಕಡೆಯ ಮಾಗಡಿಯ ಮುದುಕವ್ವ ಶಾಂಭವಿಗೆ ಕಂಬಳಿ ಹಾಸಿ ಕೂಡಿಸಿದಳು, ಚಹಾ ಕೊಟ್ಟಳು, ಬಂದ ಕಾರಣವನ್ನು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡಳು. ಎಲ್ಲ ಕೇಳಿದ ಮೇಲೆ ಅಂದಳು:

"ಅದೆಲ್ಲಾ ಖರೆ. ಹೆಣ ಎಲ್ಲೈತಿ?"

ಶಾಂಭವಿ ನಕ್ಕಳು. ಮುದುಕವ್ವ ನಗಲಿಲ್ಲ.

"ಹೆಣ ಇಲ್ಲದ ಹೆಂಗ ಅಳೂದವಾ? ಬೀಸೂ ಪದ ಬೇಕಂದ್ರ ಬೀಸೂಕಲ್ಲಿಲ್ಲದ ಹಾಡತೀನಿ. ಕೂಸಿಲ್ಲದ ಜೋಗುಳ ಹಾಡತೀನಿ. ಇದು ಹಂಗಲ್ಲ. ಸುಮ್ಮಸುಮ್ಮನ ಅತ್ತರ, ನನ್ನ ಕರದಾರಂತ ಸಾವು ಬಂದು ಬಾಗಲದಾಗ ನಿಂದರತೈತಿ. ಮನ್ಯಾಗ ಮೊಮ್ಮಕ್ಕಳು ಅದಾವು."

"ನಾಕ ಸಾಲು ಸಾಕವ್ವಾ. ಸಣ್ಣ ದನೀಲೆ ಹೇಳಿದ್ರೂ ನಡೀತೈತಿ."

"ಒಂದು ಕೆಲಸ ಮಾಡು. ನೀ ಸಾಯಿ. ನಾ ಬಂದು ಅಳತೀನಿ. ಈ ಸೀಮ್ಯಾಗ ನನ್ನಂಗ ಅಳಾಕಿ ಇನ್ನೊಬ್ಬಾಕಿಲ್ಲ, ಬೇಕಾದ್ರ ಯಾರನ್ನರ ಕೇಳು."

ಪಕ್ಕದಲ್ಲಿ ಶೇಂಗಾ ಸುಲಿಯುತ್ತಿದ್ದ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಶಾಂಭವಿ ಚಹಾ ಕುಡಿದು, ರಸ್ತೆಗೆ ಬಂದು, ಲಕ್ಷ್ಮೇಶ್ವರದ ಬಸ್ಸಿಗೆ ಕಾದು ನಿಂತಳು. ಕೆರೆಯ ಕಡೆಯಿಂದ ಪಟ್ಟೆತಲೆಯ ಹೆಬ್ಬಾತುಗಳ ಕೂಗು ಕೇಳುತ್ತಿತ್ತು. ಹಕ್ಕಿಗಳ ಮೇಲೆ ಪ್ರಬಂಧ ಬರೆಯುವವರು ಪುಣ್ಯವಂತರು ಎಂದುಕೊಂಡಳು. ಅವು ಕಾಲಕ್ಕೆ ಸರಿಯಾಗಿ ಬರುತ್ತವೆ, ಯಾರನ್ನೂ ಕೇಳದೆ ಕೂಗುತ್ತವೆ.

ಶಾಂಭವಿ ಗದಗಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ವರ್ಷ ವರ್ಷವೂ ಆ ಕೆಲಸಕ್ಕೆ ಹೊಸದಾಗಿ ಅರ್ಜಿ ಹಾಕಬೇಕು. ಡಾಕ್ಟರೇಟ್ ಇದ್ದ ಚಿಕ್ಕವರು ಬಂದರೆ ಹಳಬರು ಜಾಗ ಬಿಡಬೇಕು. ಅದಕ್ಕಾಗಿ ನಡುವಯಸ್ಸಿನಲ್ಲಿ ಪಿಎಚ್‌.ಡಿ.ಗೆ ಹೆಸರು ಹಚ್ಚಿದ್ದಳು. ನಮ್ಮ ಕಡೆಯ ಹೆಣ್ಣುಮಕ್ಕಳು ಸತ್ತವರ ಮುಂದೆ ಕುಳಿತು ಹಾಡ್ಯಾಡಿಕೊಂಡು ಅಳುವ ಅಳುವೇ ಅವಳ ವಿಷಯ. ಯಾರೂ ಮುಟ್ಟದ ವಿಷಯವೆಂದು ಅದನ್ನು ಆರಿಸಿಕೊಂಡಿದ್ದಳು. ಯಾರೂ ಏಕೆ ಮುಟ್ಟಿಲ್ಲ ಎಂಬುದು ಆಮೇಲೆ ತಿಳಿಯಿತು.

ಗ್ರಂಥಾಲಯಗಳಲ್ಲಿ ಹುಡುಕಿದಳು. ಹಂತಿಯ ಪದ, ಸೋಬಾನ, ಬೀಸುವ ಪದಗಳಿಗೆ ಸಂಪುಟಗಳಿದ್ದವು. ಅಳುವಿನ ಪಾಲಿಗೆ ಒಂದೊಂದು ಪುಸ್ತಕದಲ್ಲಿ ಅರ್ಧ ಪುಟ, ಅದೂ ಯಾರೋ ನೆನಪಿನಿಂದ ಹೇಳಿ ಬರೆಸಿದ್ದು, ಒಣಗಿದ್ದು. ಸಂಗ್ರಹಕಾರರೆಲ್ಲ ಗಂಡಸರು; ಹೆಣದ ಸುತ್ತ ಹೆಂಗಸರು ಕುಳಿತಲ್ಲಿಗೆ ಅವರಿಗೆ ಪ್ರವೇಶವಿಲ್ಲ. ಮಣ್ಣು ಕೊಟ್ಟು, ಜಳಕ ಮಾಡಿ ಒಳಗೆ ಬಂದ ಮೇಲೆ ಕೇಳಿದರೆ ಯಾವ ಹೆಂಗಸೂ ಬಾಯಿ ಬಿಡುವುದಿಲ್ಲ. "ಏನಂದೆನೋ ಯಾಂಬಲ್ಲ" ಎನ್ನುತ್ತಾಳೆ. ಆ ಮರೆವೂ ಪದ್ಧತಿಯ ಭಾಗವೇ. ಅಳುವಾಗ ಹೆಣ್ಣು ಏನು ಬೇಕಾದರೂ ಅನ್ನಬಹುದು: ಅತ್ತೆ ಕೊಟ್ಟ ಪೆಟ್ಟು, ಗಂಡನ ಇನ್ನೊಂದು ಮನೆ, ಅಣ್ಣತಮ್ಮಂದಿರು ಮಾಡಿದ ಮೋಸ. ಎಲ್ಲರೂ ಕೇಳುತ್ತಾರೆ, ಮರುದಿನ ಯಾರೂ ಎತ್ತುವುದಿಲ್ಲ. ಎತ್ತಿದವರನ್ನು ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇದನ್ನು ಶಾಂಭವಿ ತನ್ನ ಎರಡನೆಯ ಅಧ್ಯಾಯದಲ್ಲಿ ಅಡಿಟಿಪ್ಪಣಿ ಸಮೇತ ಬರೆದಿದ್ದಳು. ಅವಳಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ.

ಅಧ್ಯಾಯ ಓದಿದ ಮಾರ್ಗದರ್ಶಕರು ಮೆಚ್ಚಿಕೊಂಡರು. ಹಾಳೆಗಳನ್ನು ಜೋಡಿಸಿ ಮೇಜಿನ ಮೇಲೆ ತಟ್ಟಿ ಹೇಳಿದರು: "ವಿಚಾರ ಚಲೋ ಅದಾವು. ಆಕರ ಎಲ್ಲೈತಿ? ಗುಣಾತ್ಮಕ ಸಂಶೋಧನೆ ಅಂದಮ್ಯಾಲೆ ನೂರು ಮಂದೀನ ಹಿಡಕೊಂಡು ಬರ್ರಿ ಅಂತ ನಾ ಅನ್ನಂಗಿಲ್ಲ. ಒಂದು ಅಳು ಸಾಕು. ಮೊದಲಿಂದ ಕಡೀತನಕ, ಖರೇ ಸಾವಿನ ಮನ್ಯಾಗಿಂದು. ಅದಿಲ್ಲದ ಇದು ಪುಸ್ತಕ ನೋಡಿ ಬರದ ಪುಸ್ತಕ ಆಗತೈತಿ ನೋಡ್ರಿ."

ಅಂದಿನಿಂದ ಶಾಂಭವಿ ಸಾವಿನ ಖಬರಿಗೆ ಕಿವಿ ಕೊಡತೊಡಗಿದಳು. ಶಿರಹಟ್ಟಿಯಲ್ಲಿ ಗುರುತಿಲ್ಲದವರ ಮನೆಯೊಂದಕ್ಕೆ ಹೋಗಿ ಬಾಗಿಲ ಬಳಿ ಕುಳಿತಳು. ಪಕ್ಕದವಳು, "ಯಾರ ಪೈಕಿ ನೀವು?" ಎಂದು ಕೇಳಿದಾಗ ಎದ್ದುಬಂದಳು. ಲಕ್ಷ್ಮೇಶ್ವರದ ಅವಳ ಓಣಿಯಲ್ಲಿ ನೆರೆಯವರು ಚಾಷ್ಟಿ ಮಾಡಿದರು: "ಶಾಂಭವಿ ಮಾತಾಡ್ಸಾಕ ಬಂದ್ಳು, ಮನ್ಯಾಗ ಯಾರಿಗಿ ಆರಾಮಿಲ್ಲ ನೋಡ್ರಿ." ಅವಳೂ ನಕ್ಕಳು. ಆದರೆ ಮಾತು ಸುಳ್ಳಾಗಿರಲಿಲ್ಲ.

ಹೀಗಿರುವಾಗ ಒಂದು ಮುಂಜಾನೆ ಕಾಲೇಜಿನಲ್ಲಿದ್ದವಳಿಗೆ ಮುಂಡರಗಿಯಿಂದ ವೀರು ಫೋನು ಮಾಡಿದ. ವೀರು ಅವಳ ಸೋದರಮಾವನ ಮಗ, ಅವಳಿಗಿಂತ ಚಿಕ್ಕವನು.

"ಅಕ್ಕಾ, ಅಪ್ಪ ಹೋದ."

ಅಂದಪ್ಪ ಮಾವ ಹತ್ತಿಯ ವ್ಯಾಪಾರಿ, ಹೊಲಮನೆ ಇದ್ದವನು, ಮುಂಡರಗಿ ಪೇಟೆಯಲ್ಲಿ ನಾಲ್ಕು ಮಂದಿ ಎದ್ದು ನಿಂತು ಮಾತನಾಡಿಸುವಂಥ ಗಂಡಸು. ಶಾಂಭವಿಯ ಅಪ್ಪ ಅವಳ ಓದು ಬಿಡಿಸಿ ಮದುವೆ ಮಾಡಲು ಹೊರಟಾಗ, "ಓದೂ ಹುಡುಗಿಗಿ ಅಡ್ಡ ಬರಬ್ಯಾಡ್ರಿ" ಎಂದು ಭಾವನ ಎದುರು ಕುಳಿತು ಹಟ ಹಿಡಿದವನು ಅವನೇ. ಅವನಿಲ್ಲದಿದ್ದರೆ ಅವಳಿಗೆ ಕಾಲೇಜಿನ ಮೆಟ್ಟಿಲು ಇರಲಿಲ್ಲ.

ಫೋನು ಕೆಳಗಿಟ್ಟಾಗ ಅವಳಿಗೆ ಬಂದ ಮೊದಲ ಯೋಚನೆ ಮಾವನದಲ್ಲ. ಅತ್ತಿ ಅಳುತ್ತಾಳೆ ಎಂಬುದು ಮೊದಲ ಯೋಚನೆ.

ಅತ್ತಿ ಎಂದರೆ ಮಾವನ ಹೆಂಡತಿ ನೀಲಗಂಗವ್ವ. ಸುತ್ತಲಿನ ಹಳ್ಳಿಗಳಲ್ಲಿ ಅವಳ ಅಳುವಿಗೆ ಹೆಸರಿತ್ತು. ದೂರದ ನೆಂಟರ ಸಾವಿಗೂ ಅವಳನ್ನು ಗಾಡಿ ಕಳಿಸಿ ಕರೆಸಿಕೊಳ್ಳುತ್ತಿದ್ದರು. ನೀಲಗಂಗವ್ವ ಬಾರದ ಮಣ್ಣು ಅರೆಮಣ್ಣು ಎನ್ನುತ್ತಿದ್ದರು. ಇಷ್ಟು ದಿನ ಅವಳನ್ನು ಶಾಂಭವಿ ಕೇಳಿರಲಿಲ್ಲ; ಕೇಳಿದರೆ ಮುದುಕವ್ವನ ಉತ್ತರವೇ ಬರುತ್ತದೆಂದು ಗೊತ್ತಿತ್ತು.

ಫೋನಿನ ಬ್ಯಾಟರಿ ಅರ್ಧಕ್ಕಿಳಿದಿತ್ತು. ಶಾಂಭವಿ ಅದನ್ನು ಚಾರ್ಜಿಗೆ ಹಾಕಿ, ತುಂಬುವವರೆಗೆ ಸ್ಟಾಫ್ ರೂಮಿನಲ್ಲಿ ಕುಳಿತಳು. ಆ ಹೊತ್ತಿನಲ್ಲಿ ಗದಗಿನ ನಿಲ್ದಾಣದಿಂದ ಮುಂಡರಗಿಗೆ ಒಂದು ಬಸ್ಸು ಹೋಯಿತು. ಅವಳು ಅದರ ಮುಂದಿನದಕ್ಕೆ ಹತ್ತಿದಳು.

ಮಾವನನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆತುಂಬ ವಿಭೂತಿ, ಕೊರಳತುಂಬ ಹೂವು. ಗಂಡಸರು ಹೊರಗೆ ಭಜನೆಯವರ ಹತ್ತಿರ, ಹೆಂಗಸರು ಒಳಗೆ. ಅಲ್ಲಿ ಅಳು ಬಿಡುವಿಲ್ಲದೆ ಸಾಗುವುದಿಲ್ಲ. ದಣಿದು ನಿಲ್ಲುತ್ತದೆ, ಯಾರೋ ನೀರು ಕುಡಿಸುತ್ತಾರೆ, ಮಣ್ಣಿನ ಹೊತ್ತಿನ ಮಾತಾಗುತ್ತದೆ. ಅಷ್ಟರಲ್ಲಿ ಹೊಸಬಳೊಬ್ಬಳು ಹೊಸ್ತಿಲು ದಾಟಿ ಬಂದು ಮನೆಯ ಹೆಂಗಸನ್ನು ತೆಕ್ಕೆಗೆ ಹಾಯುತ್ತಾಳೆ; ಆ ತೆಕ್ಕೆಯಲ್ಲಿ ಅಳು ಮತ್ತೆ ಮೊದಲಿನಿಂದ ಎದ್ದು ನಿಲ್ಲುತ್ತದೆ. ಬಂದವಳ ಸಂಬಂಧ ಯಾವುದೋ ಅದಕ್ಕೆ ತಕ್ಕ ಮಾತು ಬರುತ್ತದೆ. ಎಷ್ಟು ಮಂದಿ ಬಂದರೆ ಅಷ್ಟು ಸಲ.

ಶಾಂಭವಿ ಓಣಿಯಲ್ಲೇ ಫೋನಿನ ರಿಂಗು ಮುಚ್ಚಿ, ಧ್ವನಿಮುದ್ರಣ ಶುರುಮಾಡಿ, ಕೈಚೀಲದೊಳಗೆ ಮೇಲೆ ಇರುವಂತೆ ಇಟ್ಟುಕೊಂಡು ಒಳಗೆ ಹೋದಳು. ನೀಲಗಂಗವ್ವ ಅವಳನ್ನು ಕಂಡದ್ದೇ ಎರಡೂ ಕೈ ಚಾಚಿದಳು. ಮಾವ ಅವಳನ್ನು ಸೈಕಲ್ಲಿನ ಮುಂದೆ ಕೂಡಿಸಿಕೊಂಡು ಪೇಟೆ ತೋರಿಸಿದ್ದು, ಅವಳಪ್ಪನ ಕೂಡ ಜಗಳ ಕಾಯ್ದದ್ದು, ಪಾಸಾದಾಗ ಓಣಿಗೆಲ್ಲ ಪೇಢೆ ಹಂಚಿದ್ದು, ಎಲ್ಲವನ್ನೂ ಹಾಡಿ ಹಾಡಿ ಅತ್ತಳು. ಕೂತ ಹೆಂಗಸರೆಲ್ಲ ಮೂಗು ಒರೆಸಿಕೊಂಡರು. ಶಾಂಭವಿ ಅತ್ತಿಯ ಹೆಗಲ ಮೇಲೆ ಮುಖವಿಟ್ಟು ಚೀಲದ ಬಾಯಿ ತೆರೆದಿದೆಯೋ ಇಲ್ಲವೋ ಎಂದು ನೋಡುತ್ತಿದ್ದಳು.

ಅಳು ನಿಂತ ಮೇಲೆ ಬಚ್ಚಲಿಗೆ ಹೋಗುವ ನೆವ ಮಾಡಿ ಹಿತ್ತಲಿಗೆ ಬಂದು ಫೋನು ತೆಗೆದಳು. ಲಕ್ಷ್ಮೇಶ್ವರದಿಂದ ಗಂಡ ಕರೆ ಮಾಡಿದ್ದ. ಆ ಕರೆ ಬಂದಾಗಲೇ ಮುದ್ರಣ ನಿಂತುಹೋಗಿತ್ತು. ಸಿಕ್ಕದ್ದು ಚಪ್ಪಲಿ ಬಿಟ್ಟ ಸಪ್ಪಳ, ಭಜನೆಯ ತಾಳ, ಅತ್ತಿಯ ಒಂದು ನಿಟ್ಟುಸಿರು.

ಅವಳು ಆಮೇಲೆ ಮಾಡಿದ ಕೆಲಸವನ್ನು ಓದು ಬಾರದ ಹೆಂಗಸು ಮಾಡುತ್ತಿರಲಿಲ್ಲ. ಓದಿದ್ದರೂ ಬೇರೆ ಸೀಮೆಯವಳಿಗೆ ಅದು ಹೊಳೆಯುತ್ತಿರಲಿಲ್ಲ. ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಸಂದಿಯಲ್ಲಿ ಸುತ್ತುಹಾಕಿ ಮುಂದಿನ ಓಣಿಗೆ ಬಂದಳು. ಲಕ್ಷ್ಮೇಶ್ವರದ ನೆಂಟರ ಹೆಂಗಸರು ಆಗಷ್ಟೇ ಟ್ರ್ಯಾಕ್ಸ್ ಗಾಡಿಯಿಂದ ಇಳಿಯುತ್ತಿದ್ದರು. ಫೋನಿಗೆ ಕರೆ ಬಾರದಂತೆ ಮಾಡಿ, ಮುದ್ರಣ ಹಚ್ಚಿ, ತಲೆಯ ಮೇಲೆ ಸೆರಗು ಹೊದ್ದು, ಅವರ ನಡುವೆ ಸೇರಿ ಎರಡನೆಯ ಸಲ ಹೊಸ್ತಿಲು ದಾಟಿದಳು. ಎಲ್ಲರಿಗಿಂತ ಮುಂದಾಗಿ ಹೋಗಿ ಅತ್ತಿಯನ್ನು ತೆಕ್ಕೆಗೆ ಹಾಯ್ದಳು.

ನೀಲಗಂಗವ್ವ ಅವಳ ಮುಖವನ್ನು ನೋಡಿದಳು. ಅಳುವವರು ಹಾಗೆ ನೋಡುವುದಿಲ್ಲ. ಆಮೇಲೆ ಕಣ್ಣು ಮುಚ್ಚಿ ರಾಗ ಎತ್ತಿದಳು.

"ಬಂದ್ಯೇನ ನನ ಸೊಸಿಯೇ, ಎಲ್ಡನೇ ಸಲ ಬಂದ್ಯೇನ... ಮಾವನ್ನ ನೋಡಾಕ ಬಂದ್ಯೋ, ಮತ್ತೇನ ನೋಡಾಕ ಬಂದ್ಯೇ..."

ಶಾಂಭವಿಯ ಕೈ ಚೀಲದ ಮೇಲೆ ಹೋಯಿತು. ಆದರೆ ನೀಲಗಂಗವ್ವ ಅಲ್ಲಿ ನಿಲ್ಲಲಿಲ್ಲ. ಅವಳನ್ನು ಬಿಟ್ಟು ಗಂಡನ ಕಡೆಗೆ ತಿರುಗಿದಳು, ಮೊದಲಿನ ಸಲ ಬಾರದಿದ್ದ ಮಾತು ಬಂತು.

"ಹತ್ತಿ ಬಿಡಿಸೂ ದಿನದಾಗ ನನ್ನವ್ವ ಕಣ್ಣ ಮುಚ್ಚಿದಳೋ... ಹೋಗಿ ಬರತೀನಂದರ, ಹೊಲ ಬಿಟ್ಟು ಎಲ್ಲಿಗಿ ಅಂದ್ಯಲ್ಲೋ ನನ ದೊರಿಯೇ... ಹಡದವ್ವನ ಮಣ್ಣಿಗಿ ನನ ಕಣ್ಣನೀರು ಬೀಳಲಿಲ್ಲೋ... ಊರ ಸಾವಿಗೆಲ್ಲ ಅತ್ತೆನೋ, ಅಲ್ಲೆಲ್ಲ ನನ್ನವ್ವನ್ನ ಹುಡುಕಿದೆನೋ... ಇವತ್ತರ ಅಳಗೊಡೋ, ನಿನ್ನ ನೆವ ಮಾಡಿ ನನ್ನವ್ವಗ ಅಳಗೊಡೋ..."

ಮುಂಡರಗಿಯ ದೊಡ್ಡ ಮನುಷ್ಯನ ಹೆಂಡತಿ ಒಂದು ಆಯುಷ್ಯ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಅಲ್ಲಿಟ್ಟಳು, ಸಂಜೆಗೆ ಮಣ್ಣಾಯಿತು, ಹೆಂಗಸರು ಜಳಕ ಮಾಡಿ ಒಳಬಂದು ದಿವಸದ ಊಟದ ಹೋಳಿಗೆಯ ಲೆಕ್ಕ ಮಾತನಾಡಿದರು. ಶಾಂಭವಿಯ ಚೀಲದಲ್ಲಿ ಮಾತ್ರ ಅದು ಮಣ್ಣಾಗದೆ ಉಳಿಯಿತು.

ಮನೆಗೆ ಬಂದು ಬರೆದಿಳಿಸುವಾಗ ಮೊದಲ ಸಾಲನ್ನು ಬಿಟ್ಟಳು. ವಿದ್ವಾಂಸರಿಗೆ ಅದು ಸಂಬಂಧವಿಲ್ಲದ್ದು ಎಂದು ತನಗೆ ತಾನೇ ಹೇಳಿಕೊಂಡಳು. ಧ್ವನಿಯಲ್ಲೂ ಅಷ್ಟನ್ನು ಕತ್ತರಿಸಿದಳು. ಅತ್ತಿಯ ಹೆಸರು ಬದಲಿಸಿದಳು, ಊರು ಬದಲಿಸಿದಳು. ಮಾರ್ಗದರ್ಶಕರು ಕಣ್ಣು ಮುಚ್ಚಿಕೊಂಡು ಕೇಳಿ, "ಇಂಥಾದ್ದು ನಾ ಕೇಳಿಲ್ಲ" ಎಂದರು. ಹೊರಡುವಾಗ, "ಆ ತಾಯೀದು ಒಪ್ಪಿಗೀದು ಒಂದು ಸಹಿ ತಗೊಂಡಿಡ್ರಿ" ಎಂದೂ ಅಂದರು. ಆಗಲಿ ಎಂದಳು. ಹೋಗಲಿಲ್ಲ. ಗದಗಿನ ಒಂದು ವಿಚಾರ ಸಂಕಿರಣದಲ್ಲಿ ಪ್ರಬಂಧ ಓದಿ, ಧ್ವನಿಯನ್ನು ಕೇಳಿಸಿದಳು. ಸಭೆ ಚಪ್ಪಾಳೆ ತಟ್ಟಿತು. ಯಾರೋ ಅದನ್ನು ತಮ್ಮ ಫೋನಿನಲ್ಲಿ ಹಿಡಿದುಕೊಂಡಿದ್ದರು. ಹೇಗೆ ಹಿಡಿದಿರಿ ಎಂದು ಕೇಳುವ ಬಾಯಿ ಅವಳಿಗಿರಲಿಲ್ಲ.

ವಾಟ್ಸಾಪಿನಲ್ಲಿ ಅದು ಗದಗಿನಿಂದ ಮುಂಡರಗಿಗೆ ತಲುಪಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹೆಸರು ಬದಲಿಸಿದರೆ ಆಳು ಬದಲಾಗುತ್ತಾಳೆಂದು ವಿಶ್ವವಿದ್ಯಾಲಯ ನಂಬಬಹುದು. ನೀಲಗಂಗವ್ವನ ಅಳು ಕೇಳದ ಮನೆ ಆ ತಾಲೂಕಿನಲ್ಲಿರಲಿಲ್ಲ.

ವೀರು ಫೋನು ಮಾಡಿದಾಗ ಅಕ್ಕಾ ಎನ್ನಲಿಲ್ಲ.

"ಪ್ಯಾಟ್ಯಾಗ ನನಗ ಏನಂತಾರ ಗೊತ್ತೈತೇನು? 'ವೀರಣ್ಣಾರ, ಹತ್ತಿ ಬಿಡಿಸೂದು ಮುಗೀತೇನ್ರಿ, ತಾಯೀನ ತವರಿಗಿ ಕಳಿಸ್ರಿ' ಅಂತಾರ. ನಮ್ಮಪ್ಪ ನಿನಗೇನು ಮಾಡಿದ್ದ?"

ಶಾಂಭವಿ ಫೋನನ್ನು ಇನ್ನೊಂದು ಕಿವಿಗೆ ಹಿಡಿದಳು.

"ಅವ್ವನ್ನ ಕೇಳಿದ್ನಿ. ಎಲ್ಲಾರ ಮುಂದ ಫೋನು ಹಚ್ಚಿ ಕೇಳಿದ್ನಿ, ನೀ ಹಿಂಗಂದಿದ್ದು ಖರೆ ಏನು ಅಂತ. ಈಗ ಆಕಿ ನನ್ನ ಕೂಡ ಮಾತಾಡವಲ್ಲಳು. ನೀನ ಬಂದು ಮಾತಾಡ್ಸು."

ಎತ್ತಬಾರದ ಮಾತನ್ನು ಹೆತ್ತ ಮಗನೇ ತಾಯಿಯ ಮುಂದೆ ಎತ್ತಿದ್ದ. ಎತ್ತಿಕೊಟ್ಟವಳು ಶಾಂಭವಿ.

ಮಧ್ಯಾಹ್ನದ ಬಸ್ಸಿಗೆ ಹೋದಳು. ನೀಲಗಂಗವ್ವ ಪಡಸಾಲೆಯಲ್ಲಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಬಾ ಎಂದಳು, ಕುಂಡ್ರು ಎಂದಳು. ಸೊಸೆಗೆ, ವೀರುವಿನ ಹೆಂಡತಿಗೆ, ಹೇಳಿ ನೀರು ತರಿಸಿದಳು.

"ಅತ್ತಿ, ನಾ ತಪ್ಪು ಮಾಡೇನಿ," ಎಂದಳು ಶಾಂಭವಿ. "ಅದನ್ನ ಪ್ರಬಂಧದಾಗಿಂದ ತಗಸತೀನಿ."

"ಹಚ್ಚು. ನಾನೂ ಕೇಳತೀನಿ."

"ಬ್ಯಾಡ ಅತ್ತಿ."

"ಮಂದಿ ಎಲ್ಲಾ ಕೇಳ್ಯಾರ. ವೀರೂ ಹಚ್ಚಿದಾಗ ಗದ್ಲದಾಗ ನನಗ ಸರಿ ಕೇಳಲಿಲ್ಲ. ಹಚ್ಚು."

ಶಾಂಭವಿ ಹಚ್ಚಿದಳು. ನೀಲಗಂಗವ್ವ ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಬೇರೆ ಯಾರದೋ ಅಳು ಕೇಳುವಂತೆ ಕೊನೆಯವರೆಗೂ ಕೇಳಿದಳು. ಮುಗಿದ ಮೇಲೆ ಜೋಳದಿಂದ ಒಂದು ಹರಳು ಆರಿಸಿ ಅಂಗಳಕ್ಕೆ ಒಗೆದಳು.

"ಮೊದಲನೇ ಮಾತು ಎಲ್ಲಿ?"

"ಯಾವುದತ್ತಿ?"

"ನಿನಗಂದದ್ದು. ಎಲ್ಡನೇ ಸಲ ಬಂದ್ಯೇನ ಅಂದೆನಲ್ಲ. ಅದರಾಗ ಇಲ್ಲಲ್ಲ."

ಶಾಂಭವಿ ತಲೆ ತಗ್ಗಿಸಿದಳು. ಕತ್ತರಿಸಿದೆ ಎಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

"ಕಲತಾಕಿ ಅದಿ," ಎಂದಳು ನೀಲಗಂಗವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನ ಹೊಟ್ಟಿ ಊರಿಗೆಲ್ಲಾ ಬಿಚ್ಚಿ ತೋರಿಸಿದಿ. ನಿನ್ನ ಮಾರಿ ಮುಚ್ಕೊಂಡಿ."

"ನನಗ ಗೊತ್ತಾಗಲಿಲ್ಲತ್ತಿ, ಹಿಂಗ ಆಗತೈತಿ ಅಂತ."

"ಗೊತ್ತಿತ್ತು. ಗೊತ್ತಿರಲಿಲ್ಲಂದ್ರ ಯಾಕ ಕತ್ತರಸ್ತಿದ್ದಿ?" ನೀಲಗಂಗವ್ವ ಮೊರ ಕೇರಿದಳು. "ನೀ ತಿರಗಿ ಬಂದಾಗ ನಾ ನೋಡಿದ್ನಿ. ಕಣ್ಣಾಗ ಹನಿ ಇರಲಿಲ್ಲ. ಏನೋ ಬೇಕಾಗೇತಿ ಈಕಿಗಿ ಅಂದ್ಕೊಂಡೆ. ಏನಂತ ತಿಳೀಲಿಲ್ಲ. ಆದ್ರೂ ಅತ್ತೆ. ಬಂದಾಕಿ ತೆಕ್ಕಿಗಿ ಹಾಯ್ದರ ಅಳಬೇಕು. ಒಲ್ಲೆ ಅನ್ನೂದು ನನಗ ಬರೂದಿಲ್ಲ."

ಸೊಸೆ ಚಹಾ ತಂದಿಟ್ಟಳು. ಒಪ್ಪಿಗೆಯ ಕಾಗದ ಚೀಲದಲ್ಲಿತ್ತು. ಹೊರಡುವಾಗ ಮಡಚಿ ಹಾಕಿಕೊಂಡಿದ್ದಳು. ಯಾಕೆ ಹಾಕಿಕೊಂಡೆ ಎಂದು ಈಗ ಅವಳಿಗೇ ಅಸಹ್ಯವಾಯಿತು. ಚೀಲವನ್ನು ಹಿಂದಕ್ಕೆ ಸರಿಸಿದಳು.

"ನೀ ಹೇಳಿದಂಗ ಮಾಡತೀನಿ ಅತ್ತಿ. ಏನು ಮಾಡ್ಲಿ?"

"ಏನು ಮಾಡ್ತಿ? ಅಂದದ್ದನ್ನ ಮಂದಿ ಕಿವ್ಯಾಗಿಂದ ತಗೀತಿಯೇನು?" ನೀಲಗಂಗವ್ವ ಎದ್ದು ಜೋಳವನ್ನು ಬುಟ್ಟಿಗೆ ಸುರುವಿದಳು. "ಚಹಾ ಕುಡಿ. ಬಸ್ಸಿನ ಹೊತ್ತಾತು."

ಶಾಂಭವಿ ಅತ್ತಿಯ ಅಳುವಿದ್ದ ಅಧ್ಯಾಯವನ್ನು ತೆಗೆದಳು. ಮಾರ್ಗದರ್ಶಕರು ಬೇಸರಪಟ್ಟು, "ಎಲ್ಲಾರೂ ಕೇಳಿಬಿಟ್ಟಾರ, ಇನ್ನ ತಗದ್ರ ಯಾರಿಗಿ ಉಪಯೋಗ?" ಎಂದರು. ಯಾರಿಗೂ ಇಲ್ಲ ಎಂಬುದು ಅವಳಿಗೂ ಗೊತ್ತಿತ್ತು. ಆದರೂ ತೆಗೆದಳು. ಮಹಾಪ್ರಬಂಧ ಇನ್ನೂ ಮುಗಿದಿಲ್ಲ. ಕೆಲಸ ಹೋಗಿಲ್ಲ, ಅದಕ್ಕೆ ಕಾರಣ ಅವಳ ಪ್ರಾಮಾಣಿಕತೆಯಲ್ಲ, ಆ ವರ್ಷ ಬೇರೆಯವರು ಅರ್ಜಿ ಹಾಕದೆ ಇದ್ದದ್ದು. ಕಾಲೇಜಿನಲ್ಲಿ ಯಾರಾದರೂ ಆ ಸಂಕಿರಣದ ಹೊಗಳಿಕೆ ತೆಗೆದರೆ ಪುಸ್ತಕ ತೆರೆದು ಕೂರುತ್ತಾಳೆ.

ಮಳೆಗಾಲ ಕಳೆದ ಮೇಲೆ ಶಿರಹಟ್ಟಿಯಲ್ಲಿ ಅವಳ ತಾಯಿಯ ದೊಡ್ಡಪ್ಪನ ಮಗಳು ತೀರಿಕೊಂಡಳು, ಶಾಂಭವಿಗೆ ದೊಡ್ಡವ್ವ. ಚಿಕ್ಕಂದಿನ ರಜೆಗಳಲ್ಲಿ ಅವಳ ಕೈತುತ್ತು ತಿಂದಿದ್ದಳು. ಸುದ್ದಿ ಕೇಳಿದಾಗ ನಿಜವಾಗಿ ಕಣ್ಣು ತುಂಬಿತು. ಫೋನನ್ನು ಮನೆಯಲ್ಲೇ ಬಿಟ್ಟು, ಚೀಲವನ್ನೂ ಹಿಡಿಯದೆ, ಟಿಕೀಟಿನ ದುಡ್ಡು ಸೆರಗಿಗೆ ಗಂಟು ಹಾಕಿಕೊಂಡು ಹೋದಳು.

ಓಣಿಯ ತಿರುವಿನಲ್ಲೇ ಅಳು ಕೇಳಿತು. ಚಪ್ಪಲಿ ಬಿಟ್ಟಳು. ಹೊಸ್ತಿಲು ದಾಟಿ ಒಳಗೆ ಹೆಜ್ಜೆಯಿಟ್ಟಳು. ಬಾಗಿಲ ಬಳಿಯವಳು ಮೊದಲು ಅವಳನ್ನು ಕಂಡು ಸುಮ್ಮನಾದಳು. ಅವಳ ಪಕ್ಕದವಳು ಸುಮ್ಮನಾದಳು. ಹಾಗೇ ಒಬ್ಬೊಬ್ಬರಾಗಿ, ಹೆಣದ ಸುತ್ತ ಕುಳಿತವರವರೆಗೆ, ಅಳು ನಿಂತುಹೋಯಿತು. ಯಾರೂ ಕೈ ಚಾಚಲಿಲ್ಲ. ದೊಡ್ಡವ್ವನ ಮಗಳು ತೆಕ್ಕೆಗೆಂದು ಅರ್ಧ ಎದ್ದವಳು ಮತ್ತೆ ಕುಳಿತಳು.

ನೀಲಗಂಗವ್ವ ಹೆಣದ ಕಾಲದೆಸೆಯಲ್ಲಿದ್ದಳು. ಸೆರಗಿನಿಂದ ಮುಖ ಒರೆಸಿಕೊಂಡು, ಮನೆಗೆ ಬಂದ ಬೀಗರನ್ನು ಮಾತನಾಡಿಸುವಂತೆ ಕೇಳಿದಳು:

"ಬಸ್ಸು ಜಲ್ದಿ ಸಿಕ್ತೇನು?"

"ಸಿಕ್ತು ಅತ್ತಿ."

"ಮನ್ಯಾಗ ಎಲ್ಲಾರೂ ಆರಾಮ ಅದಾರ?"

"ಅದಾರ."

ಶಾಂಭವಿ ಗೋಡೆಯ ಬದಿಗೆ ಕುಳಿತಳು. ಹೆಂಗಸರು ಸೆರಗು ಸರಿಮಾಡಿಕೊಂಡರು, ಒಬ್ಬರ ಮುಖವನ್ನೊಬ್ಬರು ನೋಡಿದರು. ಯಾರೋ ಬಿಸಿಲಿನ ಮಾತು ತೆಗೆದರು. ನನ್ನ ಹತ್ತಿರ ಏನೂ ಇಲ್ಲ, ಬೇಕಾದರೆ ನೋಡಿರಿ ಎಂದು ಬಾಯಿಗೆ ಬಂದದ್ದನ್ನು ಅವಳು ನುಂಗಿಕೊಂಡಳು. ಹಾಗೆ ಹೇಳಬೇಕಾಗಿ ಬಂದವಳು ಅಲ್ಲಿ ಕೂರಬಾರದು. ಸ್ವಲ್ಪ ಹೊತ್ತು ಕಾದು, ದೊಡ್ಡವ್ವನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡು, ಎದ್ದು ಹೊರಗೆ ಬಂದಳು.

ಕಟ್ಟೆಯ ಮೇಲೆ ಕುಳಿತಿದ್ದ ಮುದುಕರೊಬ್ಬರು ಸರಿದು ಜಾಗ ಮಾಡಿಕೊಟ್ಟರು. ಅವಳು ಕುಳಿತುಕೊಳ್ಳುವಷ್ಟರಲ್ಲಿ ಒಳಗೆ ನೀಲಗಂಗವ್ವನ ದನಿ ಎದ್ದಿತು, ಅದರ ಹಿಂದೆ ಉಳಿದವರದು.

"ಯಾಕವಾ, ಹೆಣ್ಮಗಳು ಹೊರಗ ಬಂದು ಕುಂತಿ?" ಎಂದು ಮುದುಕರು ಕೇಳಿದರು.

"ಒಳಗ ಭಾಳ ಶೆಕಿ ಐತ್ರಿ," ಎಂದಳು ಶಾಂಭವಿ.